ಜೀಪಿನ ಜಾಡು, ನೀರಿನ ದಾರಿ

ಮೂರ್ನಾಲ್ಕು ತಿಂಗಳಿಂದ ನನ್ನ ತಲೆಯಲ್ಲಿ ಒಂದೇ ವಿಷಯ ಗಿರಕಿ ಹೊಡೀತಾ ಇತ್ತು. ಥಾರ್ ತಗೊಳ್ಳೋದಾ, ಜಿಮ್ನಿ ತಗೊಳ್ಳೋದಾ, ಇಲ್ಲಾ ಎಲ್ಲಾದರೂ ಒಂದು ಹಳೇ ಜಿಪ್ಸಿ ಹುಡುಕೋದಾ? ಆಫೀಸಿನಲ್ಲಿ ಬಿಲ್ಡ್ ಮುಗಿಯೋವರೆಗೆ ಆಫ್ ರೋಡ್ ವಿಡಿಯೋ ನೋಡೋದು, ರಾತ್ರಿ ಊಟ ಆದಮೇಲೆ ಎಕ್ಸೆಲ್ ಶೀಟಿನಲ್ಲಿ ತೂಕ, ಗ್ರೌಂಡ್ ಕ್ಲಿಯರೆನ್ಸು, ಮೈಲೇಜು ಎಲ್ಲಾ ತುಂಬೋದು. ನಮ್ಮ ಪ್ರಾಜೆಕ್ಟಿಗೂ ನಾನು ಇಷ್ಟು ಶ್ರದ್ಧೆಯಿಂದ ಶೀಟ್ ಮಾಡಿದವನಲ್ಲ :)

ಹೋದ ತಿಂಗಳು ಊರಿಗೆ ಹೋದಾಗ ಅದನ್ನು ಅಜ್ಜನಿಗೆ ತೋರಿಸಿದೆ. ಊರು ಅಂದ್ರೆ ಭದ್ರಾವತಿ, ಜನ್ನಾಪುರ. ಅಜ್ಜನಿಗೀಗ 86 ವರ್ಷ. 1960ರ ದಶಕದಲ್ಲಿ, ಕಬ್ಬಿಣದ ಕಾರ್ಖಾನೆಗೆ ಸೌದೆ ಒದಗಿಸುತ್ತಿದ್ದ ಕಂತ್ರಾಟುದಾರರೊಬ್ಬರ ಹತ್ತಿರ ಜೀಪ್ ಡ್ರೈವರ್ ಆಗಿ ಸೇರಿದವರು. ಆಮೇಲೆ ಲಾರಿ ಓಡಿಸಿದರು. ಮಲೆನಾಡಿನ ಕೆಸರನ್ನು ಅವರಷ್ಟು ಕಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಶೀಟನ್ನು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಆಮೇಲೆ ಕೇಳಿದರು, "ಅದೆಲ್ಲ ಸರಿ. ಇದ್ರಲ್ಲಿ ಎಲ್ಲಿಗೆ ಹೋಗ್ತಿ?"

"ಆಫ್ ರೋಡ್ ಅಜ್ಜ. ರಸ್ತೆ ಬಿಟ್ಟು ಗುಡ್ಡ, ಕೆಸರು..."

"ಎಂತ ಮಾರಾಯ! ನಾವು ರಸ್ತೆ ಇಲ್ವಲ್ಲಪ್ಪ ಅಂತ ಅತ್ಕೊಂಡು ಹೋಗ್ತಿದ್ವಿ. ನೀವು ರಸ್ತೆ ಇದ್ರೂ ಬಿಟ್ಟು ಹೋಗ್ತೀರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಹೋಗಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ಅದಕ್ಕೂ ಮುಂಚೆ, ನಮ್ಮ ಕಡೆಯ ಕಾಡು ಗುಡ್ಡಗಳಿಗೆ ಚಕ್ರ ಹೇಗೆ ಬಂತು ಅನ್ನೋ ಕಥೆ. ಅಜ್ಜ ಹೇಳಿದ್ದನ್ನೂ ನಾನು ಓದಿಕೊಂಡಿದ್ದನ್ನೂ ಸೇರಿಸಿ ಬರೀತಿದ್ದೀನಿ.

ಮಲೆನಾಡಿನಲ್ಲಿ ಚಕ್ರ ಅನ್ನೋದೇ ತಡವಾಗಿ ಬಂದ ನೆಂಟ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರಿಗೆ ಆ ಪಾದ್ರಿಯ ಬೈಸಿಕಲ್ಲು ನೆನಪಿರುತ್ತೆ. ಒಂದು ಸೈಕಲ್ ನೋಡೋಕೆ ಊರಿಗೆ ಊರೇ ಸೇರಿತ್ತು. ಇಲ್ಲಿ ನಡೆಯೋದು, ತಲೆಹೊರೆ ಹೊರೋದು, ಹೆಚ್ಚೆಂದರೆ ಎತ್ತಿನ ಗಾಡಿ. ಆ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ. ಒಣನೆಲದಲ್ಲಿ ಸಲೀಸಾಗಿ ಉರುಳುವ ಆ ಪಟ್ಟಿ, ನೆಲ ಒದ್ದೆಯಾದರೆ ಚಾಕುವಿನ ಹಾಗೆ ಕೊಯ್ದುಬಿಡುತ್ತೆ. ಹಾಗಾಗಿ ಒಳಗಿನ ಊರುಗಳಲ್ಲಿ ಉಪ್ಪು, ಮೆಣಸಿನಕಾಯಿ, ಬೆಲ್ಲ ಎಲ್ಲಾ ಮಳೆಗಾಲಕ್ಕೆ ಮೊದಲೇ ತುಂಬಿಸಿಡೋದು ರೂಢಿ. ಜಡಿಮಳೆ ಹಿಡಿದರೆ ಗಾಡಿ ಕೊಟ್ಟಿಗೆಯಲ್ಲೇ. ಇದು ಯಾರೂ ಬರೆದಿಟ್ಟ ಕಾನೂನಲ್ಲ, ಎತ್ತು ಸಾಯಬಾರದು ಅನ್ನೋ ಲೆಕ್ಕ. ಅದರಿಂದ ನೆಲಕ್ಕೂ ನಾಲ್ಕು ತಿಂಗಳು ಬಿಡುವು ಸಿಗುತ್ತಿತ್ತು.

ಆಮೇಲೆ ಬಂದದ್ದು ನಮ್ಮೂರಿನ ಕಾರ್ಖಾನೆ. ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಊರು ಭದ್ರಾವತಿ ಆಯ್ತು, 1923ರ ಜನವರಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಶುರುವಾಯ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸು. ನಮ್ಮ ಕಡೆ ಕಬ್ಬಿಣದ ಅದಿರಿದೆ, ಆದರೆ ಕಲ್ಲಿದ್ದಲಿಲ್ಲ. ಅದಕ್ಕೇ ಕಾಡಿನ ಮರ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಲ್ಲೇ ಅದಿರು ಕರಗಿಸೋ ಯೋಜನೆ. ಕಾರ್ಖಾನೆಯ ಮೊದಲ ಹೆಸರಿನಲ್ಲೇ 'ವುಡ್ ಡಿಸ್ಟಿಲೇಶನ್' ಅಂತ ಇತ್ತು. ಮರದಿಂದ ಇದ್ದಿಲಿನ ಜೊತೆ ಟಾರು, ಮರದ ಆಲ್ಕೋಹಾಲು ಕೂಡ ತೆಗೀತಿದ್ದರು.

ಅದಿರು ಬರುತ್ತಿದ್ದದ್ದು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿಂದ ತಣಿಗೆಬೈಲಿನವರೆಗೆ ರೋಪ್‌ವೇ, ಅಂದರೆ ಹಗ್ಗದ ಮೇಲೆ ತೊಟ್ಟಿಗಳು. ಅಲ್ಲಿಂದ ಭದ್ರಾವತಿಗೆ ಟ್ರಾಮು. ಸೌದೆಗೂ ಕಾಡಿನೊಳಗೆ ಟ್ರಾಮ್ ಹಳಿ ಹಾಕಿದ್ದರು. ಆ ಕಾಲದಲ್ಲಿ ಎಷ್ಟು ಮರ ಹೋಯ್ತು ಅಂತ ನೆನೆಸಿಕೊಂಡರೆ ಬೇಜಾರಾಗುತ್ತೆ. ಅದನ್ನು ಮುಚ್ಚಿಡೋ ಆಸೆ ನನಗಿಲ್ಲ, ಆ ಕಾರ್ಖಾನೆಯ ಅನ್ನ ಉಂಡೇ ನಮ್ಮ ಮನೆ ಬೆಳೆದಿದ್ದು. ಆದರೆ ಒಂದು ವಿಷಯ ಗಮನಿಸಿ. ಹಳಿಯ ಮೇಲಿನ ಗಾಡಿ ಹಳಿ ಬಿಟ್ಟು ಆಚೆ ಈಚೆ ಹೋಗೋಕಾಗಲ್ಲ. ಭಾರವೆಲ್ಲ ಒಂದೇ ಗೆರೆಯ ಮೇಲೆ. ಕಾಡಿಗೆ ಕೊಡಲಿಯ ಏಟು ಬಿತ್ತು ನಿಜ, ಗುಡ್ಡದ ತುಂಬಾ ಚಕ್ರದ ಏಟು ಇನ್ನೂ ಬಿದ್ದಿರಲಿಲ್ಲ.

ಅದಕ್ಕೆ ಎರಡನೇ ಮಹಾಯುದ್ಧ ಬರಬೇಕಾಯ್ತು. 1941ರಿಂದ 1945ರ ನಡುವೆ ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದವು. ತೂಕ ಸುಮಾರು 1100 ಕೆಜಿ ಅಷ್ಟೇ. ಯುದ್ಧ ಮುಗಿದ ಮೇಲೆ ಮಿಲಿಟರಿ ಬಿಟ್ಟುಹೋದ ಗಾಡಿಗಳು ಹರಾಜಾದವು, 1940ರ ದಶಕದ ಕೊನೆಗೆ ಮಹೀಂದ್ರಾದವರು ಬಾಂಬೆಯಲ್ಲಿ ಜೀಪ್ ಜೋಡಿಸೋಕೆ ಶುರು ಮಾಡಿದರು. ಮಲೆನಾಡಿನಲ್ಲಿ ಫಾರೆಸ್ಟಿನವರು, ಎಸ್ಟೇಟ್ ಸಾಹುಕಾರರು, ಕೂಪಿನ ಕಂತ್ರಾಟುದಾರರು ಮೊದಲು ಕೊಂಡರು. ಮರ ಎಳೆಯೋಕೆ ಯುದ್ಧಕಾಲದ ಮಿಲಿಟರಿ ಲಾರಿಗಳೂ ಬಂದವು. ಎಲ್ಲಾ ಚಕ್ರಕ್ಕೂ ಶಕ್ತಿ ಹೋಗೋ ಆ ಮುದಿ ಲಾರಿಗಳು ಪಶ್ಚಿಮಘಟ್ಟದಲ್ಲಿ ಎಷ್ಟೋ ದಶಕ ದುಡಿದವು.

ಅಜ್ಜ ಓಡಿಸಿದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಪೆಟ್ರೋಲ್ ಇಂಜಿನ್ನು, ಎಸಿ ಇಲ್ಲ, ಬಾಗಿಲೂ ಇಲ್ಲ. ಮಳೆಗಾಲದಲ್ಲಿ ಟೈರಿಗೆ ಚೈನ್ ಕಟ್ಟಿಕೊಂಡು ಹೋಗೋದು. "ಹೂತ್ಕೊಂಡ್ರೆ ಯಾರು ಎಳೀತಿದ್ರು ಅಜ್ಜ?" ಅಂತ ಕೇಳಿದೆ. "ಯಾರೂ ಇಲ್ಲ. ಅದ್ಕೇ ಹೂತ್ಕೊಳ್ದಂಗೆ ಹೋಗದು. ಮೊದ್ಲು ಇಳ್ದು ನಡ್ಕೊಂಡು ನೋಡದು. ಕಾಲು ಹುಗೀತದೆ ಅಂದ್ರೆ ಚಕ್ರನೂ ಹುಗೀತದೆ."

ಇನ್ನೊಂದು ಹೇಳಿದರು. ಮಳೆಗಾಲ ಶುರುವಾಗೋ ಮುಂಚೆ ಕೂಪಿನ ರಸ್ತೆಗೆ ಅಲ್ಲಲ್ಲಿ ಓರೆಯಾಗಿ ಸಣ್ಣ ಚರಂಡಿ ಕಡಿಸುತ್ತಿದ್ದರಂತೆ. ನೀರು ಜಾಡಿನಲ್ಲೇ ಉದ್ದಕ್ಕೂ ಇಳಿಯದೆ, ಪಕ್ಕದ ಸೊಪ್ಪು ತರಗಲೆಯ ಕಡೆ ತಿರುಗಿ ಇಂಗಲಿ ಅಂತ. ಕಾಡಿನ ಮೇಲಿನ ಪ್ರೀತಿಗಲ್ಲ, ಕಡಿಯದಿದ್ದರೆ ಮುಂದಿನ ವರ್ಷ ಆ ರಸ್ತೆಯೇ ಇರುತ್ತಿರಲಿಲ್ಲ.

ಈ ಮಾತು ಕೇಳುವಾಗ ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ಕಾರಣ ಇಲ್ಲಿದೆ.

ಹೋದ ವರ್ಷ ಮೇ ತಿಂಗಳ ಕೊನೆಗೆ ನಾವು ಐದು ಜನ ಮೂರು ಗಾಡಿ ತಗೊಂಡು ಹೊಸನಗರದ ಕಡೆ ಹೋಗಿದ್ದೆವು. ಜೊತೆಗಿದ್ದವನೊಬ್ಬನ ಊರು ಅದು, ಅವರ ಮನೆಯದೇ ಬ್ಯಾಣ. (ಬ್ಯಾಣ ಗೊತ್ತಿಲ್ಲದವರಿಗೆ: ದನ ಮೇಯೋಕೆ, ಹುಲ್ಲು ಕೊಯ್ಯೋಕೆ ಬಿಟ್ಟ ಗುಡ್ಡದ ಇಳಿಜಾರು.) ಅರಣ್ಯ ಅಲ್ಲ, ಸ್ವಂತ ಜಾಗ, ಯಾರ ಪರ್ಮಿಶನ್ನೂ ಬೇಕಿಲ್ಲ ಅಂತ ಖುಷಿ. ಹಿಂದಿನ ರಾತ್ರಿ ಒಂದು ಮಳೆ ಬಿದ್ದಿತ್ತು. ಬ್ಯಾಣದ ನೆತ್ತಿಗೆ ನೆಟ್ಟಗೆ ಹತ್ತೋದು ಪಂದ್ಯ. ನಾನು ಇನ್ನೊಬ್ಬನ ಗಾಡಿಯಲ್ಲಿ ನಾಲ್ಕು ಸಲ ಪ್ರಯತ್ನ ಮಾಡಿದೆ. ಅರ್ಧ ಹತ್ತಿ ಚಕ್ರ ಜಾರೋದು, ನಾನು ಆಕ್ಸಿಲರೇಟರ್ ಒತ್ತೋದು, ಕೆಂಪು ಮಣ್ಣು ಮೇಲೆ ಹಾರೋದು. ಐದನೇ ಸಲ ಹತ್ತಿದೆ. ಎಲ್ಲರೂ ಕೂಗಿದರು. ವಿಡಿಯೋಗೆ ಲೈಕೂ ಚೆನ್ನಾಗಿ ಬಂತು.

ಆಗಸ್ಟ್‌ನಲ್ಲಿ ಅವರ ಮನೆಯ ಪೂಜೆಗೆ ಮತ್ತೆ ಹೋದೆ. ನಮ್ಮ ಎರಡು ಚಕ್ರದ ಜಾಡು ಅಲ್ಲಿರಲಿಲ್ಲ. ಅವುಗಳ ಜಾಗದಲ್ಲಿ ಮೊಣಕಾಲುದ್ದದ ಎರಡು ಕೊರಕಲು, ಕೆಳಗೆ ಬರ್ತಾ ಅವೆರಡೂ ಸೇರಿ ಒಂದಾಗಿದ್ದವು. ಬ್ಯಾಣದ ಬುಡದಲ್ಲಿ ಇನ್ನೊಂದು ಮನೆ ಇದೆ. ಅವರಿಗೆ ಗುಡ್ಡದಿಂದ ಬರೋ ಅಬ್ಬಿ ನೀರೇ ಕುಡಿಯೋಕೆ, ಅಡಿಗೆಗೆ. ಆ ಮನೆಯ ಅಮ್ಮ ನನಗೆ ಕಾಫಿ ಕೊಟ್ಟರು. ಬೈಯಲಿಲ್ಲ. "ನೀವು ಗಾಡಿ ಬಿಟ್ಟಿದ್ರಲ್ಲ ಮಾರಾಯ, ಅವತ್ತಿಂದ ಜೋರು ಮಳೆ ಬಂದ್ರೆ ಕೆಂಪು ನೀರೇ ಬರ್ತದೆ. ಬಟ್ಟೆ ಕಟ್ಟಿ ಸೋಸ್ತೀವಿ" ಅಂದರು, ಹವಾಮಾನದ ವಿಷಯ ಹೇಳೋ ಹಾಗೆ. ಕಾಫಿ ಗಂಟಲಲ್ಲಿ ಇಳೀಲಿಲ್ಲ.

ಇಂಜಿನಿಯರ್ ಅಲ್ವಾ, ಹೀಗ್ಯಾಕೆ ಆಯ್ತು ಅಂತ ಆಮೇಲೆ ಕೂತು ಯೋಚಿಸಿದೆ. ಗಾಡಿಯ ಭಾರಕ್ಕಿಂತ ಚಕ್ರ ಜಾರಿ ತಿರುಗಿದ್ದೇ ದೊಡ್ಡ ತಪ್ಪು. ನಿಂತ ಗಾಡಿ ನೆಲವನ್ನು ಒತ್ತೋದು ಹೆಚ್ಚುಕಡಿಮೆ ಟೈರಿನೊಳಗಿನ ಗಾಳಿಯಷ್ಟೇ ಒತ್ತಡದಲ್ಲಿ. ಗಾಳಿ ಕಡಿಮೆ ಮಾಡಿದರೆ ಟೈರು ಅಗಲವಾಗಿ ಕೂರುತ್ತೆ, ಹಿಡಿತ ಹೆಚ್ಚುತ್ತೆ, ಒತ್ತೋದು ಕಡಿಮೆಯಾಗುತ್ತೆ. ಆದರೆ ಹಿಡಿತ ತಪ್ಪಿ ತಿರುಗುವ ಚಕ್ರ ಒತ್ತೋದಿಲ್ಲ, ಕೆರೆಯುತ್ತೆ. ಮೊದಲು ಹೋಗೋದು ಹುಲ್ಲಿನ ಬೇರಿನ ಹೆಣಿಗೆ. ಆ ಹೆಣಿಗೆಯೇ ಇಳಿಜಾರಿನ ಮಣ್ಣನ್ನು ಹಿಡಿದಿರೋದು. ಸಾಮಾನ್ಯ ಡಿಫರೆನ್ಷಿಯಲ್ ಇರೋ ಗಾಡಿಯಲ್ಲಿ ಒಂದು ಚಕ್ರ ಜಾರಿದರೆ ಇಂಜಿನ್ನಿನ ಶಕ್ತಿಯೆಲ್ಲ ಅಲ್ಲೇ ಪೋಲಾಗುತ್ತೆ, ಆಗ ಒತ್ತಿದಷ್ಟೂ ಗುಂಡಿ. ಫೋರ್ ಲೋ ಗೇರ್ ಇರೋದು ನಿಧಾನ ಹೋಗೋಕೆ. ನಾವು ಅದನ್ನು ಜೋರು ಮಾಡೋಕೆ ಬಳಸಿದೆವು.

ಉಳಿದ ಕೆಲಸ ಮಳೆಯದ್ದು. ಪಕ್ಕದ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಅಂಥಾ ನೀರಿಗೆ ನೆಟ್ಟಗೆ ಕೆಳಗಿಳಿಯೋ ಒಂದು ಗೆರೆ ಎಳೆದುಕೊಟ್ಟರೆ ಅದು ಸುಮ್ಮನೆ ಬಿಡುತ್ತಾ? ರಾಜಸ್ಥಾನದ ಮರಳಿನ ವಿಡಿಯೋ ನೋಡಿ ಕಲಿತದ್ದನ್ನು ಇಲ್ಲಿ ಮಾಡಿದ್ದು ನಮ್ಮ ದಡ್ಡತನ. ಮರಳಿನ ಜಾಡನ್ನು ಗಾಳಿ ಅಳಿಸುತ್ತೆ. ಮಲೆನಾಡಿನ ಜಾಡನ್ನು ಮಳೆ ಆಳ ಮಾಡುತ್ತೆ.

ಗುಡ್ಡ ಕೆದಕಿದರೆ ಕೆಳಗಿನವರು ಉಣ್ಣಬೇಕು ಅನ್ನೋದನ್ನು ಭದ್ರಾ ದಂಡೆಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕುದುರೆಮುಖದ ಗಣಿಯ ಹೂಳು ಭದ್ರೆಗೆ ಸೇರುತ್ತೆ ಅಂತ ವರ್ಷಗಟ್ಟಲೆ ಹೋರಾಟ ನಡೆದು, ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ದೊಡ್ಡ ಗಣಿಗೂ ನಮ್ಮ ಐದು ಜನರ ಆಟಕ್ಕೂ ಹೋಲಿಕೆ ಇಲ್ಲ, ಒಪ್ಪುತ್ತೀನಿ. ಆದರೆ ಬಟ್ಟೆ ಕಟ್ಟಿ ನೀರು ಸೋಸುವವರಿಗೆ ಮಣ್ಣು ಎಲ್ಲಿಂದ ಬಂದರೂ ಒಂದೇ.

ಇನ್ನು ಗಾಡಿಯ ವಿಷಯ. ಶಿವಮೊಗ್ಗದ ಸಾಗರ ರಸ್ತೆ ಕಡೆ ಹಳೇ ಜೀಪ್ ರಿಪೇರಿ ಮಾಡೋ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಹತ್ತಿರ ಎರಡು ಗಂಟೆ ಕೂತು ತಿಳಿದುಕೊಂಡಿದ್ದರ ಸಾರಾಂಶ: ನಮ್ಮ ಕಡೆ ಹಗುರ ಗಾಡಿಯೇ ಒಳ್ಳೇದು. 1985ರಲ್ಲಿ ಬಂದ ಜಿಪ್ಸಿ 1000 ಕೆಜಿಯ ಆಸುಪಾಸು. 2023ರಲ್ಲಿ ಬಂದ ಜಿಮ್ನಿ ಸುಮಾರು 1200. 2020ರ ಫೋರ್ ವೀಲ್ ಥಾರ್ ಸುಮಾರು 1700. ಭಾರ ಹೆಚ್ಚಿದಷ್ಟೂ ಏರು ಹತ್ತೋಕೆ ನೆಲವನ್ನು ಜಾಸ್ತಿ ತಳ್ಳಬೇಕು, ಹೂತರೆ ತೆಗೆಯೋದೂ ಕಷ್ಟ. ಹಾಗಂತ ಹೆಸರು ನೋಡಿ ಮೋಸ ಹೋಗಬೇಡಿ, 2023ರಿಂದ ಥಾರ್‌ನಲ್ಲೂ ಟೂ ವೀಲ್ ಡ್ರೈವ್ ಬರುತ್ತೆ! ಮೇಸ್ತ್ರಿ ಇನ್ನೊಂದು ಮಾತು ಹೇಳಿದರು: "ಕೊಡಚಾದ್ರಿ ಜೀಪಿನೋರ್ನ ನೋಡಿ ಸಾರ್. ದಿನಾ ಅದೇ ಕಲ್ಲು, ಅದೇ ಗುಂಡಿ. ಒಬ್ರೂ ಜಾಡು ಬಿಟ್ಟು ಪಕ್ಕಕ್ಕೆ ಹೋಗಲ್ಲ. ಅವ್ರಿಗೆ ನಾಳೆನೂ ಅದೇ ದಾರೀಲಿ ಬರ್ಬೇಕಲ್ಲ."

ಬೆಂಗಳೂರಿಗೆ ಬಂದು ಶೀಟಿನಲ್ಲಿ ಒಂದು ಕಾಲಂ ಹೊಸದಾಗಿ ಸೇರಿಸಿದೆ: ಕಳೆದ ವರ್ಷ ನನಗೆ ನಿಜವಾಗಿ ಫೋರ್ ವೀಲ್ ಡ್ರೈವ್ ಬೇಕಾಗಿದ್ದು ಎಷ್ಟು ದಿನ? ಬಂದ ಉತ್ತರ 4. ಅದರಲ್ಲಿ ಒಂದು ದಿನ ಆ ಬ್ಯಾಣದ್ದು. ಉಳಿದ ದಿನವೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲು. ಬುಕ್ ಮಾಡೋ ಯೋಚನೆ ಸದ್ಯಕ್ಕೆ ಬಿಟ್ಟಿದ್ದೀನಿ. ಮುಂದೆ ತಗೊಂಡರೆ ಹಗುರದ್ದು ತಗೋತೀನಿ, ಇರೋ ಜಾಡಿನಲ್ಲೇ ಓಡಿಸ್ತೀನಿ, ಮಳೆ ಬಿದ್ದ ವಾರ ಮನೆಯಲ್ಲಿರ್ತೀನಿ. ಕೊಡಚಾದ್ರಿಗೆ ಹೋಗೋದಾದರೆ ಅಲ್ಲಿನವರ ಜೀಪಿಗೇ ದುಡ್ಡು ಕೊಟ್ಟು ಹೋಗ್ತೀನಿ.

ಈ ಸಲದ ಮಳೆಗಾಲಕ್ಕೆ ಮುಂಚೆ ನಾವು ಐದೂ ಜನ ಮತ್ತೆ ಆ ಬ್ಯಾಣಕ್ಕೆ ಹೋದೆವು, ಬಸ್ಸಿನಲ್ಲಿ. ಅಜ್ಜ ಹೇಳಿದ ಹಾಗೆ ಓರೆ ಚರಂಡಿ ಕಡಿದು, ಕೊರಕಲಿಗೆ ಅಡ್ಡಡ್ಡ ಕಲ್ಲು ಜೋಡಿಸಿ, ನಡುವೆ ಸೊಪ್ಪು ತುಂಬಿದೆವು. ಎರಡು ದಿನದ ಕೆಲಸಕ್ಕೆ ಅಂಗೈಯೆಲ್ಲ ಬೊಬ್ಬೆ. ಹತ್ತು ನಿಮಿಷದಲ್ಲಿ ಕೆಡಿಸಿದ್ದು. ಮೊನ್ನೆ ಫೋನ್ ಮಾಡಿದಾಗ ನೀರು ಮೊದಲಿನಷ್ಟು ಕೆಂಪಿಲ್ಲ ಅಂದರು. ಪೂರ್ತಿ ತಿಳಿಯಾಗಿಲ್ಲ. ಮೇಲಿನ ಎರಡು ಕಲ್ಲುಕಟ್ಟು ಜೋರು ಮಳೆಗೆ ಕೊಚ್ಚಿ ಹೋಗಿವೆಯಂತೆ. ಮುಂದಿನ ವರ್ಷ ಮತ್ತೆ ಹೋಗಬೇಕು.

ಕೊನೆಯದಾಗಿ ಒಂದು ಕೇಳಿಕೆ. ನಿಮ್ಮೂರಿಗೆ ಮೊದಲ ಜೀಪ್ ಯಾವಾಗ ಬಂತು, ಯಾರದ್ದು, ಅದು ಹೋಗುತ್ತಿದ್ದ ದಾರಿ ಈಗ ಹೇಗಿದೆ? ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಕೇಳಿ ಬರೀರಿ. ನಮ್ಮಜ್ಜನಿಗೆ ಓದಿ ಹೇಳ್ತೀನಿ, ಅವರಿಗೆ ಬೇರೆ ಡ್ರೈವರ್‌ಗಳ ಕಥೆ ಅಂದ್ರೆ ಬಹಳ ಇಷ್ಟ.