ಸ್ವಂತ ಹೆಸರಲ್ಲಿ ಆಡಿದ್ದೇ ತಪ್ಪಾಯ್ತಾ?

ಇವತ್ತು ಜಿಮ್ ಥೋರ್ಪ್ ಕಥೆ. ಅಮೆರಿಕದ ಕಾರ್ಲೈಲ್ ಇಂಡಿಯನ್ ಶಾಲೆಯ ಈ ವಿದ್ಯಾರ್ಥಿ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. 1913ರಲ್ಲಿ ಎರಡನ್ನೂ ಕಿತ್ಕೊಂಡರು. ಕಾರಣ? 1909, 1910ರ ಬೇಸಿಗೆಯಲ್ಲಿ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದ. ಹಾಗೆ ಆಡಿದ ಕಾಲೇಜು ಹುಡುಗರು ಬೇಕಾದಷ್ಟಿದ್ದರು. ಎಷ್ಟೋ ಜನ ಸುಳ್ಳು ಹೆಸರಲ್ಲಿ. ಥೋರ್ಪ್ ಸ್ವಂತ ಹೆಸರಲ್ಲೇ ಆಡಿದ, ಸಿಕ್ಕಿಬಿದ್ದ.

ನಿಯಮ ಮುರಿದದ್ದು ನಿಜ. ಆದರೆ ಆಕ್ಷೇಪಣೆ 30 ದಿನದೊಳಗೆ ಬರಬೇಕು ಅನ್ನೋದೂ ನಿಯಮವೇ. ಬಂದದ್ದು ಆರು ತಿಂಗಳ ಮೇಲೆ. ಹುಡುಗನಿಗೊಂದು ನಿಯಮ, ಅಧಿಕಾರಿಗಳಿಗೊಂದು. ಇದನ್ನ ನ್ಯಾಯ ಅನ್ನೋಕಾಗುತ್ತಾ?

ಥೋರ್ಪ್ 1953ರಲ್ಲಿ ತೀರಿಕೊಂಡ. ಮಕ್ಕಳ ಕೈಗೆ ಪದಕದ ಪ್ರತಿಕೃತಿಗಳು ಸಿಕ್ಕಿದ್ದು 1983ರಲ್ಲಿ, ಅದೂ ಜಂಟಿ ವಿಜೇತ ಅಂತ. ಅವನೊಬ್ಬನೇ ವಿಜೇತ ಅಂತ ಒಪ್ಪಿದ್ದು 2022ರಲ್ಲಿ. ಅಷ್ಟರಲ್ಲಾಗಲೇ ಅಮೆರಿಕದ ಕಾಲೇಜು ಆಟಗಾರರಿಗೆ ತಮ್ಮ ಹೆಸರಿನಿಂದ ಹಣ ಗಳಿಸೋಕೆ ಅನುಮತಿ ಸಿಕ್ಕಿ ಒಂದು ವರ್ಷವಾಗಿತ್ತು.