ಕಲ್ಯಾಣಿಯ ಕಾಲದ ಮರದ ರೆಕ್ಕೆಗಳು

ಲಂಡನ್ನಿನ ಹೆಂಡನ್‌ನಲ್ಲಿರುವ ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯದಲ್ಲಿ ಮೊದಲನೇ ಮಹಾಯುದ್ಧದ ಬಾಂಬರೊಂದಿದೆ. ಅದರ ಮೈಮೇಲೆ ಹೈದರಾಬಾದ್ ಹೆಸರು ಬರೆದಿದೆ. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರ 110ನೇ ಸ್ಕ್ವಾಡ್ರನ್ನಿಗೆ ತಮ್ಮ ದುಡ್ಡಿನಲ್ಲಿ ಕೊಡಿಸಿದ ಡಿ.ಎಚ್.9ಎ ವಿಮಾನಗಳಲ್ಲಿ ಇದೂ ಒಂದು. 1918ರ ಅಕ್ಟೋಬರಿನಲ್ಲಿ ಜರ್ಮನರ ಕೈಗೆ ಸಿಕ್ಕಿ, ಬರ್ಲಿನ್ ಸೇರಿ, ಅಲ್ಲಿಂದ ಪೋಲೆಂಡಿಗೆ ಹೋಗಿ, 1977ರಲ್ಲಿ ಇಂಗ್ಲೆಂಡಿಗೆ ಮರಳಿತು.

ಹುಮನಾಬಾದ್ ಮತ್ತು ಆಗ ಕಲ್ಯಾಣಿ ಎನಿಸಿಕೊಂಡಿದ್ದ ಬಸವಕಲ್ಯಾಣ ಅದೇ ನಿಜಾಮರ ಸಂಸ್ಥಾನದ ಊರುಗಳು. ಜೋಳ, ತೊಗರಿ ಬೆಳೆದು ಬದುಕುತ್ತಿದ್ದ ಇಲ್ಲಿನವರಿಗೆ ತಮ್ಮ ಸಂಸ್ಥಾನದ ಹೆಸರು ಫ್ರಾನ್ಸಿನ ಆಕಾಶದಲ್ಲಿ ಹಾರಿದ್ದು ಯಾರಾದರೂ ಹೇಳಿದ್ದರೆ ತಾನೆ!

ಆ ವಿಮಾನ ಹೆಚ್ಚಾಗಿ ಬಡಿಗರ ಕೆಲಸ. ಹಗುರವಾದರೂ ಗಟ್ಟಿಯಾದ ಸ್ಪ್ರೂಸ್ ಮರದ ತೊಲೆಗಳು, ಬಿಗಿಯಲು ತಂತಿ, ಹೊದಿಕೆಗೆ ನಾರಗಸೆಯ ಬಟ್ಟೆ. ಬಟ್ಟೆ ಸಡಿಲವಾಗಿದ್ದರೆ ಗಾಳಿ ಹಿಡಿಯುವುದಿಲ್ಲ. ಅದಕ್ಕೆ ‘ಡೋಪ್’ ಎಂಬ ದ್ರಾವಣ ಬಳಿಯುತ್ತಿದ್ದರು. ಒಣಗಿದಾಗ ಬಟ್ಟೆ ಕುಗ್ಗಿ ಬಿಗಿಯಾಗುತ್ತಿತ್ತು. ಡೋಪಿನ ತಿರುಳು ಸೆಲ್ಯುಲೋಸ್ ಅಸಿಟೇಟ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಪ್ಲಾಸ್ಟಿಕ್ ವಿಮಾನ ಹತ್ತಿದ್ದು ಹೀಗೆ, ಮರದ ಬೆನ್ನೇರಿ. ಅದರ ಬೆಲೆಯನ್ನು ಕಾರ್ಖಾನೆಯ ಕೆಲಸಗಾರರು ತೆತ್ತರು. ಯುದ್ಧದ ಮೊದಲ ವರ್ಷಗಳಲ್ಲಿ ಡೋಪಿಗೆ ಬಳಸಿದ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕದ ಹಬೆಯಿಂದ ಹಲವರಿಗೆ ಕಾಮಾಲೆ ಬಂತು, ಕೆಲವರು ಸತ್ತರು.

ನಮ್ಮ ಹವೆ ಮರದ ವಿಮಾನಕ್ಕೆ ಒಗ್ಗಲಿಲ್ಲ. ಬಿಕಾನೇರಿನ ಅರಮನೆಯ ಆನೆಲಾಯದಲ್ಲಿ ದಶಕಗಳ ನಂತರ ಸಿಕ್ಕ ಡಿ.ಎಚ್.9 ವಿಮಾನಗಳ ಮರವನ್ನು ಗೆದ್ದಲು ತಿಂದಿತ್ತು. ಎರಡನೇ ಮಹಾಯುದ್ಧದ ‘ಮಸ್ಕಿಟೊ’ ಬರ್ಚ್ ಪ್ಲೈವುಡ್ಡಿನ ನಡುವೆ ಬಾಲ್ಸಾ ಮರ ಇಟ್ಟು ಅಂಟಿಸಿದ ವಿಮಾನ. ವೇಗದಲ್ಲಿ ಲೋಹದ ವಿಮಾನಗಳನ್ನೂ ನಾಚಿಸಿತ್ತು. ಅದರ ರೆಕ್ಕೆಗಳು 1944ರಲ್ಲಿ ಭಾರತ ಮತ್ತು ಬರ್ಮಾದ ರಂಗದಲ್ಲಿ ಮುರಿಯತೊಡಗಿದವು. ಹಾಲಿನ ಕೇಸೀನಿನಿಂದ ಮಾಡಿದ ಅಂಟು ಸೆಕೆಗೆ, ತೇವಕ್ಕೆ ಸೋತಿತು ಎಂದು ಕೆಲವರು, ಕಾರ್ಖಾನೆಯಲ್ಲಿ ಕೂಡಿಸಿದ್ದೇ ಸರಿಯಿಲ್ಲ ಎಂದು ಇನ್ನು ಕೆಲವರು. ಹೇಗಿದ್ದರೂ ಕೇಸೀನಿನ ಜಾಗಕ್ಕೆ ಫಾರ್ಮಾಲ್ಡಿಹೈಡ್ ರಾಳದ ಅಂಟು ಬಂತು. ಮರವನ್ನು ಕಾಯಲು ಮತ್ತೆ ಪ್ಲಾಸ್ಟಿಕ್ಕೇ ಬೇಕಾಯಿತು.

ಬೆಂಗಳೂರಿನಲ್ಲಿ ವಿ.ಎಂ. ಘಾಟಗೆಯವರ ತಂಡ ರೂಪಿಸಿ 1951ರಲ್ಲಿ ಹಾರಿಸಿದ ಎಚ್.ಟಿ-2 ಪೂರ್ತಿ ಲೋಹದ್ದು. ಆದರೂ ಬಡಿಗನ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ: 1961ರಲ್ಲಿ ಹಾರಿದ, ಇಬ್ಬರು ಅಕ್ಕಪಕ್ಕ ಕೂರುವ ‘ರೋಹಿಣಿ’ ಗ್ಲೈಡರ್ ಮರದ್ದೇ.

ಬೀದರಿನ ವಾಯುನೆಲೆಯಲ್ಲಿ 1996ರಲ್ಲಿ ಕಿರಣ್ ವಿಮಾನಗಳಲ್ಲಿ ಆಗಸದ ಕಸರತ್ತು ತೋರುತ್ತಿದ್ದ ಸೂರ್ಯಕಿರಣ ತಂಡ ಹುಟ್ಟಿತು. 2008ರಿಂದ ಅಲ್ಲಿ ಹಾಕ್ ವಿಮಾನಗಳಲ್ಲಿ ತರಬೇತಿ. ಹಾಕ್‌ನ ಮೈ ಲೋಹದ್ದು, ಪೈಲಟ್ಟಿನ ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಮಾತ್ರ ಅಕ್ರಿಲಿಕ್ ಪ್ಲಾಸ್ಟಿಕ್. ಪೈಲಟ್ ಆಸನದ ಸಮೇತ ಹೊರಕ್ಕೆ ಚಿಮ್ಮಬೇಕಾದಾಗ ಅದರೊಳಗೆ ಅಂಟಿಸಿದ ಸ್ಫೋಟಕದ ಎಳೆ ಮುಚ್ಚಳವನ್ನು ಚೂರಾಗಿಸುತ್ತದೆ. ಇಂಥದೇ ಚೂರುಗಳು ಎರಡನೇ ಮಹಾಯುದ್ಧದ ಪೈಲಟ್ಟುಗಳ ಕಣ್ಣಿಗೆ ಹೊಕ್ಕರೂ ಕಣ್ಣು ಕೆರಳಲಿಲ್ಲ ಎಂಬುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯ ಗಮನಿಸಿದರು; 1949ರಲ್ಲಿ ಅದೇ ಪ್ಲಾಸ್ಟಿಕ್ಕಿನ ಮಸೂರವನ್ನು ರೋಗಿಯ ಕಣ್ಣಿನಲ್ಲಿಟ್ಟರು. ಹುಮನಾಬಾದಿನಲ್ಲಿ ಪೊರೆ ತೆಗೆಸಿಕೊಂಡ ಅಜ್ಜಿಗೂ ಬೀದರಿನ ವಿಮಾನಕ್ಕೂ ಅಷ್ಟು ನಂಟಿದೆ.

1993ರಲ್ಲಿ ಮೊದಲು ಹಾರಿದ ‘ಹಂಸ’ವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಗಾಜಿನ ನಾರು ಮತ್ತು ರಾಳದಿಂದ ಕಟ್ಟಿತು. 2001ರ ಜನವರಿ 4ರಂದು ಹಾರಿದ ತೇಜಸ್ಸಿನ ಹೊರಮೈಯ ಬಹುಪಾಲು ಇಂಗಾಲದ ನಾರಿನದು. ನಾರು, ಅದನ್ನು ಹಿಡಿದಿಡುವ ಅಂಟು: ಮರದ ರಚನೆಯೂ ಇದೇ. ರಿಪೇರಿಯ ವಿಧಾನವೂ ದೂರದ್ದಲ್ಲ. ಒಡೆದ ಮರದ ತೊಲೆಗೆ ತುಂಡು ಕೂಡಿಸುವಾಗ ದಪ್ಪದ ಸುಮಾರು 12 ಪಟ್ಟು ಉದ್ದಕ್ಕೆ ಓರೆಯಾಗಿ ಕೆತ್ತಿ ಅಂಟಿಸುತ್ತಿದ್ದರು. ನಾರಿನ ಹಲಗೆಯಲ್ಲೂ ಪೆಟ್ಟಾದ ಪದರಗಳನ್ನು ಹೀಗೇ, ಇನ್ನೂ ಉದ್ದದ ಓರೆಯಲ್ಲಿ ಉಜ್ಜಿ ತೆಗೆದು, ಹೊಸ ಪದರ ಹಾಸಿ ಬಿಸಿ ಮಾಡುತ್ತಾರೆ. ಒಳಗೆ ಪದರ ಬಿಟ್ಟಿದೆಯೇ ಎಂದು ತಿಳಿಯಲು ಮೊದಲು ನಾಣ್ಯದಿಂದ ತಟ್ಟಿ ನೋಡುವ ರೂಢಿಯಿದೆ. ಸದ್ದು ಗಣಗಣ ಎಂದರೆ ಸರಿ, ಬೊದ್ದಾಗಿ ಕೇಳಿದರೆ ಅಲ್ಟ್ರಾಸೌಂಡ್ ಯಂತ್ರ ತರಿಸುತ್ತಾರೆ.