ನೀರಿನಲ್ಲಿ ಬೇಗ ಕರಗದ ಮಾತ್ರೆ ಪ್ಲಾಸ್ಟಿಕ್ಕಿನದೇ?

ಅಲ್ಲ. ಲೋಟದ ನೀರಿಗೆ ಹಾಕಿ ಮಾತ್ರೆಯ ಅಸಲಿ-ನಕಲಿ ತಿಳಿಯಲಾಗದು. ನಕಲಿ ಮಾತ್ರೆಯೂ ಬೇಗ ಕರಗಬಹುದು.

ಕೆಲವು ಔಷಧಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ನುಂಗಿದರೂ ರಕ್ತಕ್ಕೆ ಸೇರುವುದು ಕಡಿಮೆ. ಇದಕ್ಕೊಂದು ಪರಿಹಾರ 'ಹಾಟ್ ಮೆಲ್ಟ್ ಎಕ್ಸ್‌ಟ್ರೂಷನ್'. ಔಷಧವನ್ನೂ ನೀರಿನಲ್ಲಿ ಕರಗುವ ಪಾಲಿಮರನ್ನೂ ಬಿಸಿ ಕೊಳವೆಗೆ ಹಾಕುತ್ತಾರೆ. ಒಳಗೆ ತಿರುಗುವ ಎರಡು ಸ್ಕ್ರೂಗಳು ಅವನ್ನು ಕಲಸಿ, ಚಕ್ಕುಲಿ ಒರಳಿನಿಂದ ಹಿಟ್ಟು ಬರುವಂತೆ ಹೊರಗೆ ಒತ್ತುತ್ತವೆ. ಒಂದು ತುದಿಯಲ್ಲಿ ಪುಡಿ ಬೀಳುತ್ತಿದ್ದರೆ ಇನ್ನೊಂದು ತುದಿಯಲ್ಲಿ ಪಾಕ ನಿಲ್ಲದೆ ಬರುತ್ತದೆ. ಅದು ತಣಿದ ಮೇಲೆ ಅರೆದು ಮಾತ್ರೆ ಮಾಡುತ್ತಾರೆ. ಇಂಥ ಅವಳಿ ಸ್ಕ್ರೂ ಯಂತ್ರಗಳನ್ನು ಬೆಂಗಳೂರಿನ ಸ್ಟೀರ್ ಕಂಪನಿಯೂ ತಯಾರಿಸುತ್ತದೆ.

ಎಚ್‌ಐವಿಗೆ ಕೊಡುವ ಲೋಪಿನಾವಿರ್-ರಿಟೊನಾವಿರ್ ಮೊದಲು ಫ್ರಿಜ್‌ನಲ್ಲಿಡಬೇಕಾದ ಕ್ಯಾಪ್ಸೂಲ್ ಆಗಿತ್ತು. ದಿನಕ್ಕೆ 6 ನುಂಗಬೇಕಿತ್ತು. ಈ ವಿಧಾನದ ಮಾತ್ರೆಗೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಗ ದಿನಕ್ಕೆ 4 ಸಾಕಾದವು, ಫ್ರಿಜ್ ಬೇಡವಾಯಿತು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಂಥ ಊರಿನಲ್ಲಿ ಫ್ರಿಜ್ ಇಲ್ಲದ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಈ ಮಾತ್ರೆ ಕಲ್ಲುಸಕ್ಕರೆಯಂತೆ ಮೇಲಿನಿಂದ ನಿಧಾನವಾಗಿ ಸವೆಯುತ್ತದೆ. ಒಡೆದು, ಅರೆದು, ಅಗಿದು ತಿನ್ನಬೇಡಿ. ಔಷಧ ಸಾಕಷ್ಟು ಸಿಗದೆ ಹೋಗಬಹುದು.

ಅನುಮಾನ ಬಂದರೆ ಮಾತ್ರೆ ನಿಲ್ಲಿಸಬೇಡಿ. ಪಟ್ಟಿಯೊಂದಿಗೆ ವೈದ್ಯರನ್ನೋ ಔಷಧ ಕೊಟ್ಟವರನ್ನೋ ಕೇಳಿ. ಫಾರ್ವರ್ಡ್ ಅಲ್ಲಿಗೇ ನಿಲ್ಲಲಿ.